ಮ್ಯಾಂಡೊಲಿನ್ನಿನ ತಂತಿಯೂ ನಮ್ಮ ಗಮಕವೂ

ತಂತಿವಾದ್ಯಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ವೀಣೆಯಿಂದ ತೊಡಗಿ ವೀಣೆಯಲ್ಲಿಯೇ ಮುಗಿಸುವರು. ಅದಕ್ಕೆ ಕಾರಣವೂ ಉಂಟು. ಆದರೆ ನಾಲ್ಕಾರು ನುಡಿಗಳ ನಡುವೆ ಕನ್ನಡವನ್ನು ಕಲಿಯುವ, ಕಲಿಸುವ ಕಾಸರಗೋಡಿನ ನಮಗೆ ಇನ್ನೊಂದು ಪ್ರಶ್ನೆ ಹೆಚ್ಚು ಹತ್ತಿರದ್ದಾಗಿ ತೋರುತ್ತದೆ. ಪರದೇಶದ ವಾದ್ಯವೊಂದು ನಮ್ಮದಾಗುವುದು ಯಾವಾಗ? ಕಡಲು ದಾಟಿ ಬಂದಾಗಲೆ, ಸಭೆಯಲ್ಲಿ ನುಡಿದಾಗಲೆ, ಅಥವಾ ಅದರ ಮೈಯಲ್ಲಿಯೇ ಏನಾದರೂ ಮಾರ್ಪಾಡಾದಾಗಲೆ? ಮ್ಯಾಂಡೊಲಿನ್ನಿನ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ ಎಂದು ನಮ್ಮ ಎಣಿಕೆ.

ನಮ್ಮ ಊರುಗಳ ಬಯಲಿನ ಸಂಗೀತದಲ್ಲಿ ತಂತಿಗೆ ಎಡೆಯಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಆಡುವ ತೆಂಕುತಿಟ್ಟಿನ ರಂಗಸ್ಥಳದಲ್ಲಿ ಚೆಂಡೆ, ಮದ್ದಳೆ, ಚಕ್ರತಾಳಗಳದೇ ರಾಜ್ಯ. ಶ್ರುತಿಗೆ ಹಿಂದೆ ಪುಂಗಿಯಿತ್ತು, ಬಳಿಕ ಹಾರ್ಮೋನಿಯಂ ಬಂದಿತು. ಚೆಂಡೆಯ ಎದುರು ಮೀಟಿದ ತಂತಿಯ ನಾದ ಯಾರ ಕಿವಿಗೆ ಬಿದ್ದೀತು? ತಂತಿವಾದ್ಯವು ಮನೆಯೊಳಗಿನದು. ಅದನ್ನು ಕಾಪಾಡುವ ಹೊಣೆಯೂ ಮನೆಯವರದೇ.

ಮ್ಯಾಂಡೊಲಿನ್ನಿನ ಹಿರಿಯರು ಅರಬರ ಊದ್ ಮತ್ತು ಯುರೋಪಿನ ಲ್ಯೂಟ್ ಎಂಬ ವಾದ್ಯಗಳು. ೧೮ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ, ವಿನಾಚ್ಚಿಯಾ ಮನೆತನದಂತಹ ಕುಶಲಕರ್ಮಿಗಳ ಕೈಯಲ್ಲಿ, ಅದು ಇಂದು ನಾವು ಬಲ್ಲ ರೂಪವನ್ನು ಪಡೆಯಿತು. ವೀಣೆಯ ಕೊಡವನ್ನು ಕುಗ್ಗಿಸಿ ಗಿಡ್ಡ ದಂಡಿಗೆ ಜೋಡಿಸಿದಂತಹ ಆಕಾರ, ಉಬ್ಬಿದ ಬೆನ್ನು, ಎರಡೆರಡರಂತೆ ನಾಲ್ಕು ಜೋಡಿ ತಂತಿಗಳು, ಶ್ರುತಿ ಪಿಟೀಲಿನದೇ. ವಿವಾಲ್ಡಿಯು ೧೭೨೫ರಲ್ಲಿ ಈ ವಾದ್ಯಕ್ಕಾಗಿ ರಚನೆ ಮಾಡಿದನು. ತರುಣ ಬೇಥೋವನ್ ೧೭೯೬ರಲ್ಲಿ ಕೆಲವು ಚಿಕ್ಕ ಕೃತಿಗಳನ್ನು ಬರೆದನು. ಸುಮಾರು ೧೮೩೫ರಲ್ಲಿ ಪಾಸ್ಕ್ವಾಲೆ ವಿನಾಚ್ಚಿಯಾ ಉಕ್ಕಿನ ತಂತಿಗೆ ಒಗ್ಗುವಂತೆ ಅದನ್ನು ಬಲಪಡಿಸಿದ ಮೇಲೆ ನಾದ ಗಟ್ಟಿಯಾಯಿತು. ಅಮೆರಿಕದ ಆರ್ವಿಲ್ ಗಿಬ್ಸನ್ ೧೮೯೮ರಲ್ಲಿ, ಪಿಟೀಲಿನಂತೆ ಮರವನ್ನು ಕೆತ್ತಿ ಮಾಡಿದ ಮ್ಯಾಂಡೊಲಿನ್ನಿಗೆ ಸ್ವಾಮ್ಯದ ಹಕ್ಕು ಪಡೆದನು. ಆತನ ಹೆಸರಿನ ಕಂಪೆನಿಯಲ್ಲಿ ಲಾಯ್ಡ್ ಲೋರ್ ೧೯೨೨ರಿಂದ ೧೯೨೪ರವರೆಗೆ ತನ್ನ ಅಂಕಿತ ಹಾಕಿ ಹೊರತಂದ ಎಫ್-೫ ವಾದ್ಯಗಳನ್ನು ಸಂಗ್ರಾಹಕರು ಇಂದಿಗೂ ಹುಡುಕಿಕೊಂಡು ಅಲೆಯುತ್ತಾರೆ.

ಅವುಗಳಲ್ಲೊಂದರ ಕಥೆ ಹೇಳಬೇಕು. ೧೯೨೩ರಲ್ಲಿ ತಯಾರಾದ ಆ ವಾದ್ಯ ಫ್ಲೋರಿಡಾದ ಕ್ಷೌರದಂಗಡಿಯೊಂದರಲ್ಲಿ ಮಾರಾಟಕ್ಕೆ ಬಿದ್ದಿದ್ದಾಗ ಬಿಲ್ ಮನ್ರೋ ಎಂಬ ಗಾಯಕ ಕೊಂಡುಕೊಂಡನು. ಅಮೆರಿಕದ ಗುಡ್ಡಗಾಡಿನ ಹಾಡಿಗೆ ಅವನು ಕೊಟ್ಟ ಹೊಸ ರೂಪವೆಲ್ಲ ಅದರ ಮೇಲೆಯೇ ಮೂಡಿತು. ೧೯೮೫ರಲ್ಲಿ ಯಾರೋ ಮನೆಗೆ ನುಗ್ಗಿ ಕಬ್ಬಿಣದ ಸಲಾಕೆಯಿಂದ ಅದನ್ನು ಚೂರುಚೂರು ಮಾಡಿದರು. ಗಿಬ್ಸನ್ ಕಂಪೆನಿಯ ಚಾರ್ಲಿ ಡೆರಿಂಗ್ಟನ್ ಆ ಸೀಳುಗಳನ್ನು ಒಂದೊಂದಾಗಿ ಆರಿಸಿ, ಅಂಟಿಸಿ, ಮತ್ತೆ ನುಡಿಯುವಂತೆ ಮಾಡಿದನು. ಹೊಸದೊಂದನ್ನು ಮಾಡಿಕೊಡುವುದು ಅದಕ್ಕಿಂತ ಎಷ್ಟೋ ಸುಲಭವಾಗಿತ್ತು.

ಇಷ್ಟು ಹೊರನಾಡಿನ ಮಾತು. ಈ ವಾದ್ಯ ನಮ್ಮ ದೇಶಕ್ಕೆ ಬಂದು ಸಿನಿಮಾ ಹಾಡುಗಳಲ್ಲಿ ಹಿನ್ನೆಲೆಗೆ ಸೇರಿಕೊಂಡಿತು. ಹಿಂದಿಯ ಸಂಗೀತ ನಿರ್ದೇಶಕ ಸಜ್ಜಾದ್ ಹುಸೇನರು ಅದರಲ್ಲಿ ಹೆಸರಾದ ವಾದಕರು. ಆದರೆ ಕರ್ನಾಟಕ ಸಂಗೀತದ ಬಾಗಿಲಲ್ಲಿ ಅದು ಬಹುಕಾಲ ನಿಂತೇ ಇತ್ತು. ನಮ್ಮ ಸ್ವರವು ನಿಂತ ನೀರಲ್ಲ. ಅದು ತೂಗಬೇಕು, ಜಾರಬೇಕು, ನಡುಗಬೇಕು. ಇದೇ ಗಮಕ. ೧೭ನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಕಾಲಕ್ಕೆ ನೆಲೆಗೊಂಡ ವೀಣೆಯಲ್ಲಿ ೨೪ ಮೆಟ್ಟಿಲುಗಳು ಮೇಣದ ಮೇಲೆ ಎತ್ತರವಾಗಿ ಕುಳಿತಿವೆ. ಬೆರಳು ತಂತಿಯನ್ನು ಬದಿಗೆ ಎಳೆಯಲು ಬೇಕಾದಷ್ಟು ಎಡೆ ಅಲ್ಲಿದೆ. ನಮ್ಮ ಹಿತ್ತಿಲಿನ ಹಲಸಿನ ಮರದಿಂದಲೇ ಆ ಕೊಡವನ್ನು ಕೊರೆಯುತ್ತಾರೆಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಅರಳುತ್ತದೆ. ಮ್ಯಾಂಡೊಲಿನ್ನಿನಲ್ಲಿಯಾದರೋ ಮೆಟ್ಟಿಲುಗಳು ಗಿಡ್ಡ, ಒತ್ತೊತ್ತು. ಬೆರಳಿನ ಕೆಳಗೆ ಎರಡು ತಂತಿಗಳು. ಬದಿಗೆ ಎಳೆದರೆ ಎರಡೂ ಸಮನಾಗಿ ಬಿಗಿಯಲಾರವು, ಅಪಶ್ರುತಿ ಹುಟ್ಟುತ್ತದೆ. ಮೇಲಾಗಿ ನಾದ ಕ್ಷಣದಲ್ಲಿ ಆರುತ್ತದೆ. ಆದುದರಿಂದಲೇ ಯುರೋಪಿನವರು ಒಂದೇ ಸ್ವರವನ್ನು ಬಿಡದೆ ಗಡಗಡನೆ ಮೀಟುತ್ತಾರೆ.

ಇಲ್ಲಿ ಪಿಟೀಲಿನ ಚೌಡಯ್ಯನವರನ್ನು ನೆನೆಯದೆ ಮುಂದುವರಿಯಲಾಗದು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮುದ್ದಣ ಕವಿಯ ಊರಾದ ನಂದಳಿಕೆಯಲ್ಲಿ ಹುಟ್ಟಿದವರು. ೧೯೫೬ರವರೆಗೆ ಆ ಊರೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ಚೌಡಯ್ಯನವರು ೧೯೨೭ರಲ್ಲಿ ನಾಲ್ಕರ ಬದಲು ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಪಿಟೀಲಿಗೆ ಮೆಟ್ಟಿಲಿಲ್ಲ, ಬೆರಳು ಜಾರುತ್ತದೆ. ಆದುದರಿಂದ ಜೋಡಿತಂತಿ ಅಲ್ಲಿ ಗಮಕಕ್ಕೆ ಅಡ್ಡಿಯಾಗಲಿಲ್ಲ.

ಮ್ಯಾಂಡೊಲಿನ್ನಿಗೆ ಬೇಕಾಗಿದ್ದುದು ಇದಕ್ಕೆ ತಿರುವುಮುರುವಾದ ಉಪಾಯ. ಅದನ್ನು ಮಾಡಿದವರು ಆಂಧ್ರದ ಪಾಲಕೊಲ್ಲಿನಲ್ಲಿ ೧೯೬೯ರಲ್ಲಿ ಹುಟ್ಟಿದ ಯು. ಶ್ರೀನಿವಾಸರು. ತಂದೆಯ ಮ್ಯಾಂಡೊಲಿನ್ನನ್ನು ಎಳವೆಯಲ್ಲಿಯೇ ಕೈಗೆತ್ತಿಕೊಂಡ ಹುಡುಗನಿಗೆ ದೊರೆತ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಈ ವಾದ್ಯವನ್ನು ನುಡಿಸಲು ಬಾರದು. ಅವರು ಹಾಡಿ ತೋರಿಸುವರು, ಹುಡುಗ ಅದನ್ನು ತಂತಿಯಲ್ಲಿ ಹುಡುಕುವನು. ಶಿಕ್ಷಕರಾದ ನಾವು ಈ ಸಂಗತಿಯ ಮುಂದೆ ತುಸು ನಿಲ್ಲಬೇಕು. ಗುರುವಿಗೆ ವಾದ್ಯ ಬಾರದಿದ್ದುದರಿಂದಲೇ ವಾದ್ಯದ ಹಳೆಯ ಅಭ್ಯಾಸಗಳು ಶಿಷ್ಯನಿಗೆ ಅಂಟಲಿಲ್ಲ. ಕಂಠದಲ್ಲಿದ್ದುದೇ ಬೆರಳಿಗೆ ಇಳಿಯಿತು. ಜೋಡಿತಂತಿಗಳನ್ನು ಬಿಟ್ಟು ಒಂಟಿತಂತಿಗಳು ಬಂದವು. ಮಂದ್ರಕ್ಕೆಂದು ಐದನೆಯದೊಂದು ಸೇರಿತು. ಬೇಗ ಆರುವ ನಾದವನ್ನು ವಿದ್ಯುತ್ತು ಹಿಡಿದು ನಿಲ್ಲಿಸಿತು. ೧೯೭೮ರಲ್ಲಿ ಗುಡಿವಾಡದಲ್ಲಿ ಮೊದಲ ಕಚೇರಿ, ೧೯೮೩ರಲ್ಲಿ ಬರ್ಲಿನ್, ೧೯೯೮ರಲ್ಲಿ ಪದ್ಮಶ್ರೀ. ೨೦೧೪ರ ಸೆಪ್ಟೆಂಬರಿನಲ್ಲಿ, ೪೫ರ ಪ್ರಾಯದಲ್ಲಿಯೇ, ತೀರಿಕೊಂಡರು. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮಾಡಿದ ಉಪಕಾರವೂ ಇದೇ ಜಾತಿಯದು.

ಜಪಾನಿನ ನಗೋಯಾದಲ್ಲಿ ೧೯೧೨ರಲ್ಲಿ ಹುಟ್ಟಿದ, ಗುಂಡಿಗಳನ್ನೊತ್ತಿ ನುಡಿಸುವ ತೈಶೋಗೋತೋ ಎಂಬುದು ನಮ್ಮಲ್ಲಿ ಬುಲ್‌ಬುಲ್ ತರಂಗವಾಯಿತು. ಹೆಸರು ಬದಲಾಯಿತು, ಮೈ ಬದಲಾಗಲಿಲ್ಲ. ಗುಂಡಿಯ ಕೆಳಗಿನ ತಂತಿಯಲ್ಲಿ ಗಮಕ ಸುಲಭವಲ್ಲ. ಶಾಸ್ತ್ರೀಯ ವೇದಿಕೆಯಲ್ಲಿ ಅದು ನೆಲೆಯೂರಲಿಲ್ಲ.

ಹಾಗಾದರೆ ಅಟ್ಟದಲ್ಲಿ ಸಿಕ್ಕಿದ ಹಳೆಯ ಮ್ಯಾಂಡೊಲಿನ್ನಿನ ತಂತಿಗಳನ್ನು ಕಿತ್ತು ಒಂಟಿ ಮಾಡಬಹುದೆ? ಕೂಡದೆಂಬುದು ನಮ್ಮ ಮತ. ಪ್ರಯೋಗಕ್ಕೆ ಹೊಸ ವಾದ್ಯಗಳು ಬೇಕಾದಷ್ಟಿವೆ. ಹಳೆಯದು ತನ್ನ ಕಾಲದ ಸಾಕ್ಷಿ. ಆದರೆ ಸಾಕ್ಷಿಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಕವಾಗಿಸುವುದೂ ಸಲ್ಲದು, ನುಡಿಸಬೇಕು. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಅದರ ದೊಡ್ಡ ಶತ್ರು ತೇವ. ಹಳೆಯ ವಾದ್ಯಗಳನ್ನು ಜೋಡಿಸಿರುವುದು ಪ್ರಾಣಿಗಳ ಚರ್ಮವನ್ನು ಕುದಿಸಿ ಮಾಡಿದ ಅಂಟಿನಿಂದ. ಆಷಾಢದ ಥಂಡಿಗೆ ಅದು ಮೆತ್ತಗಾಗಿ ಬೆಸುಗೆ ಬಿಡುತ್ತದೆ. ಮರ ಸೀಳುವುದಕ್ಕಿಂತ ಬೆಸುಗೆ ಬಿಡುವುದು ಮೇಲು. ಅದೇ ಬಗೆಯ ಅಂಟಿನಿಂದ ಮತ್ತೆ ಕೂಡಿಸಬಹುದು. ಅಂಗಡಿಯ ಹೊಸ ಬಿಳಿ ಅಂಟನ್ನು ಸುರಿದರೆ ಮುಂದೆ ಬಿಚ್ಚಿ ಸರಿಪಡಿಸುವ ದಾರಿ ಮುಚ್ಚುತ್ತದೆ. ಹೊಳಪಿಗೆಂದು ಹೊಸ ವಾರ್ನಿಷ್ ಬಳಿಯುವುದೂ ಬೇಡ.

ಎಂಟು ತಂತಿಗಳ ಒಟ್ಟು ಸೆಳೆತ ಸುಮಾರು ೮೦ ಕಿಲೋ ಭಾರಕ್ಕೆ ಸಮ. ಉಬ್ಬುಬೆನ್ನಿನ ಹಳೆಯ ವಾದ್ಯ ಇಂದಿನ ದಪ್ಪ ತಂತಿಗಳ ಸೆಳೆತವನ್ನು ತಾಳದು, ಮೇಲ್ಹಲಗೆ ಕುಸಿಯುತ್ತದೆ. ತೆಳು ತಂತಿಯೇ ಅದಕ್ಕೆ ತಕ್ಕುದು. ಹಳೆಯ ತಂತಿಗಳನ್ನು ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬಾರದು. ಮ್ಯಾಂಡೊಲಿನ್ನಿನ ಕುದುರೆಯನ್ನು ಹಲಗೆಗೆ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ಅದು ನಿಂತಿರುವುದು. ಒಂದನ್ನು ಕಳಚಿ, ಅದರ ಜಾಗಕ್ಕೆ ಹೊಸದನ್ನು ಬಿಗಿದು, ಶ್ರುತಿ ಸೇರಿಸಿದ ಬಳಿಕವೇ ಮುಂದಿನದಕ್ಕೆ ಕೈಹಾಕಬೇಕು.