ಸಿಗರೇಟ್ ಫಿಲ್ಟರ್‌ನಿಂದ ಅಪಾಯ ಕಡಿಮೆಯಾಗುತ್ತದೆಯೇ? ಇಲ್ಲಿದೆ ಪೂರ್ಣ ಮಾಹಿತಿ

ಬೆಂಗಳೂರು: ಫಿಲ್ಟರ್ ಇರುವ ಸಿಗರೇಟ್ ಸೇದಿದರೆ ಆರೋಗ್ಯಕ್ಕೆ ಅಷ್ಟೇನೂ ಹಾನಿಯಿಲ್ಲ ಎಂದು ನಂಬಿದವರು ಇಂದಿಗೂ ಇದ್ದಾರೆ. ಆದರೆ ಫಿಲ್ಟರ್ ವಿನ್ಯಾಸವು ಸೇದುವ ರೀತಿಯನ್ನೇ ಬದಲಿಸುತ್ತದೆ. ಹೀಗಾಗಿ ಈ ನಂಬಿಕೆಗೆ ಆಧಾರವಿಲ್ಲ.

ಫಿಲ್ಟರ್ ಏನು ಮಾಡುತ್ತದೆ?

ಹತ್ತಿಯಂತೆ ಕಾಣುವ ಫಿಲ್ಟರ್ ತಯಾರಾಗುವುದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ನಾರಿನಿಂದ. ಟಾರ್ ಕಣಗಳ ಒಂದು ಭಾಗ ಇದರಲ್ಲಿ ಉಳಿಯುತ್ತದೆ. ಕಾರ್ಬನ್ ಮೊನಾಕ್ಸೈಡ್‌ನಂತಹ ಅನಿಲಗಳು ಮಾತ್ರ ಸಲೀಸಾಗಿ ದಾಟಿ ಶ್ವಾಸಕೋಶ ಸೇರುತ್ತವೆ.

ಸಣ್ಣ ರಂಧ್ರಗಳ ಮರ್ಮ

ಹಲವು ಸಿಗರೇಟ್‌ಗಳಲ್ಲಿ ಫಿಲ್ಟರ್ ಸುತ್ತಲಿನ ಕಾಗದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ಗಾಳಿ ಬೆರೆತು ಹೊಗೆ ತೆಳುವಾಗುತ್ತದೆ. ಪರೀಕ್ಷಾ ಯಂತ್ರವು ನಿಮಿಷಕ್ಕೊಮ್ಮೆ, 2 ಸೆಕೆಂಡ್‌ಗಳಲ್ಲಿ 35 ಮಿ.ಲೀ. ಹೊಗೆ ಎಳೆಯುತ್ತದೆ. ರಂಧ್ರಗಳು ತೆರೆದೇ ಇರುವುದರಿಂದ ಟಾರ್ ಪ್ರಮಾಣ ಕಡಿಮೆ ದಾಖಲಾಗುತ್ತದೆ. ಮನುಷ್ಯ ಹಾಗೆ ಸೇದುವುದಿಲ್ಲ. ನಿಕೋಟಿನ್ ಸಾಲದಿದ್ದರೆ ಜೋರಾಗಿ, ಆಳವಾಗಿ, ಪದೇ ಪದೇ ಎಳೆಯುತ್ತಾನೆ. ತುಟಿ ಅಥವಾ ಬೆರಳು ರಂಧ್ರಗಳನ್ನು ಮುಚ್ಚುವುದೂ ಉಂಟು. ಹೀಗೆ ಯಂತ್ರ ತೋರಿಸಿದ್ದಕ್ಕಿಂತ ಹೆಚ್ಚು ವಿಷ ದೇಹ ಸೇರುತ್ತದೆ.

ಕ್ಯಾನ್ಸರ್ ಜೊತೆಗಿನ ನಂಟು

1950ರ ದಶಕದ ನಂತರ ಸಿಗರೇಟ್‌ನ ವಿನ್ಯಾಸ ಹಾಗೂ ಒಳವಸ್ತುಗಳಲ್ಲಾದ ಬದಲಾವಣೆಗಳಿಂದ ಧೂಮಪಾನಿಗಳಲ್ಲಿ ಅಡಿನೊಕಾರ್ಸಿನೋಮಾ ಎಂಬ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿದೆ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿದೆ. ರಂಧ್ರವಿರುವ ಫಿಲ್ಟರ್ ಇದಕ್ಕೆ ಕಾರಣಗಳಲ್ಲಿ ಒಂದಾಗಿರಬಹುದು ಎಂದೂ ಅದು ಸೂಚಿಸಿದೆ. 'ಲೈಟ್', 'ಮೈಲ್ಡ್' ಎಂಬ ಹಣೆಪಟ್ಟಿಗಳನ್ನು ಅಮೆರಿಕ 2010ರಲ್ಲೇ ನಿಷೇಧಿಸಿತು.

ಭಾರತದಲ್ಲಿ ನಿಯಮವೇನು?

ಸಿಗರೇಟ್‌ನ ಉದ್ದ ಎಷ್ಟು, ಫಿಲ್ಟರ್ ಇದೆಯೇ ಇಲ್ಲವೇ ಎಂಬುದನ್ನು ನೋಡಿ ದೇಶದಲ್ಲಿ ಅಬಕಾರಿ ಸುಂಕ ವಿಧಿಸಲಾಗುತ್ತದೆ. ಆದರೆ ಆರೋಗ್ಯ ಎಚ್ಚರಿಕೆಯಲ್ಲಿ ಈ ಭೇದವಿಲ್ಲ. ಫಿಲ್ಟರ್ ಇರಲಿ, ಇಲ್ಲದಿರಲಿ, 2016ರ ಏಪ್ರಿಲ್‌ನಿಂದ ಪ್ಯಾಕ್‌ನ ಶೇ. 85ರಷ್ಟು ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಕಡ್ಡಾಯ. ಬಿಡಿಯಾಗಿ ಸಿಗರೇಟ್ ಕೊಳ್ಳುವವರ ಕಣ್ಣಿಗೆ ಈ ಎಚ್ಚರಿಕೆ ಬೀಳುವುದೇ ಇಲ್ಲ. ಕರ್ನಾಟಕ 2017ರಲ್ಲಿ ಹಾಗೂ ಮಹಾರಾಷ್ಟ್ರ 2020ರಲ್ಲಿ ಬಿಡಿ ಸಿಗರೇಟ್ ಮಾರಾಟವನ್ನು ನಿಷೇಧಿಸಿವೆ.

ಬಿಡಲು ನೆರವು

ಬ್ರ್ಯಾಂಡ್ ಬದಲಿಸುವುದರಿಂದ ಅಪಾಯ ತಪ್ಪುವುದಿಲ್ಲ, ಸಿಗರೇಟನ್ನೇ ಬಿಡಬೇಕು. ನಿರ್ಧಾರ ಮಾಡಿದವರು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇದರ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು.