ಪಾಲಕರೇ ಖರೀದಿದಾರರಾದಾಗ: ನೌರು ದ್ವೀಪದ ಸ್ವಾತಂತ್ರ್ಯದ ಹಾದಿ

ಎರಡನೇ ಮಹಾಯುದ್ಧದ ನಂತರ ವಿಶ್ವಸಂಸ್ಥೆಯ ಧರ್ಮದರ್ಶಿತ್ವಕ್ಕೆ ಒಳಪಟ್ಟ 11 ಪ್ರದೇಶಗಳಲ್ಲಿ ತೀರಾ ಚಿಕ್ಕದು ನೌರು. ಪೆಸಿಫಿಕ್ ಸಾಗರದ ಈ ದ್ವೀಪದ ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್. ಆದರೆ ಇಡೀ ವ್ಯವಸ್ಥೆಯ ಶಕ್ತಿಯೂ ಕೊರತೆಯೂ ಇಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣವು.

ಕಾರಣ, ನೆಲದಡಿಯ ಫಾಸ್ಫೇಟ್. 1900ರಲ್ಲಿ ಆಲ್ಬರ್ಟ್ ಎಲ್ಲಿಸ್ ಪತ್ತೆಹಚ್ಚಿದ ಈ ಖನಿಜ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಹೊಲಗಳಿಗೆ ಗೊಬ್ಬರವಾಯಿತು. ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ಕೈತಪ್ಪಿದ ದ್ವೀಪವನ್ನು ಬ್ರಿಟನ್ ಸೇರಿ ಈ ಮೂರು ದೇಶಗಳು ಲೀಗ್ ಆಫ್ ನೇಷನ್ಸ್‌ನ ಹೆಸರಿನಲ್ಲಿ ವಹಿಸಿಕೊಂಡವು. ಗಣಿಯನ್ನು ತಮ್ಮದೇ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಸಂಸ್ಥೆಗೆ ಒಪ್ಪಿಸಿದವು. ಖನಿಜ ಅಸಲು ಬೆಲೆಗೆ ಅವರ ರೈತರಿಗೆ ಹೋಯಿತು, ನೌರು ಜನರ ಪಾಲಿಗೆ ಪುಡಿಗಾಸಿನ ರಾಜಧನ ಉಳಿಯಿತು. 1947ರಲ್ಲಿ ಧರ್ಮದರ್ಶಿತ್ವ ಜಾರಿಯಾದಾಗಲೂ ಪಾಲಕರು ಇವರೇ, ಖರೀದಿದಾರರೂ ಇವರೇ. ಜನರ ಹಿತವನ್ನೂ ತಮ್ಮ ರೈತರ ಹಿತವನ್ನೂ ಒಂದೇ ತಕ್ಕಡಿಯಲ್ಲಿಟ್ಟವರು ಯಾವ ಕಡೆ ವಾಲುತ್ತಾರೆಂಬುದು ಊಹಿಸಲಾಗದ ಸಂಗತಿಯಲ್ಲ.

ಈ ವ್ಯವಸ್ಥೆಯ ಮೇಲ್ವಿಚಾರಣೆ ಹೊತ್ತ ವಿಶ್ವಸಂಸ್ಥೆಯ ಧರ್ಮದರ್ಶಿ ಮಂಡಳಿಗೆ ಆಜ್ಞಾಪಿಸುವ ಅಧಿಕಾರವಿರಲಿಲ್ಲ. ವಾರ್ಷಿಕ ವರದಿ ಕೇಳಬಹುದಿತ್ತು, ಅಹವಾಲು ಆಲಿಸಬಹುದಿತ್ತು, ನಿಯೋಗ ಕಳಿಸಬಹುದಿತ್ತು. ಆ ಕಿರುಬಾಗಿಲನ್ನೇ ನೌರು ಜನರ ನಾಯಕ ಹ್ಯಾಮರ್ ಡಿರೋಬರ್ಟ್ ಬಳಸಿಕೊಂಡರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ಸುಮಾರು 1,200 ನೌರು ಜನರನ್ನು ಟ್ರುಕ್ ದ್ವೀಪಕ್ಕೆ ಸಾಗಿಸಿತ್ತು, ಮರಳಿದವರು 737. ಡಿರೋಬರ್ಟ್ ಅವರಲ್ಲೊಬ್ಬರು.

ಗಣಿ ಬರಿದಾದ ಮೇಲೆ ಜನ ಎಲ್ಲಿ ಬಾಳಬೇಕು? ಕ್ವೀನ್ಸ್‌ಲ್ಯಾಂಡ್ ಬಳಿಯ ಕರ್ಟಿಸ್ ದ್ವೀಪಕ್ಕೆ ಹೋಗಿ ಎಂದಿತು ಆಸ್ಟ್ರೇಲಿಯಾ. ಅಲ್ಲಿ ತಮ್ಮ ಸಾರ್ವಭೌಮತ್ವ ಉಳಿಯದೆಂದು ಅರಿತ ನೌರು ಜನ 1964ರಲ್ಲಿ ಬೇಡವೆಂದರು. ಇಡೀ ಚರಿತ್ರೆಯ ತಿರುವು ಈ ನಿರಾಕರಣೆಯೇ ಹೊರತು ನ್ಯೂಯಾರ್ಕಿನ ಯಾವ ನಿರ್ಣಯವೂ ಅಲ್ಲ. ಆ ಬಳಿಕ ಮಾತು ಪುನರ್ವಸತಿ ಬಿಟ್ಟು ಒಡೆತನದತ್ತ ಹೊರಳಿತು. 1966ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಸ್ವಾತಂತ್ರ್ಯಕ್ಕೆ ಗಡುವು ಸೂಚಿಸಿ, ಅಗೆದ ನೆಲವನ್ನು ವಾಸಯೋಗ್ಯಗೊಳಿಸಬೇಕೆಂದು ಶಿಫಾರಸು ಮಾಡಿತು.

ಗಣಿಯ ಸ್ವತ್ತನ್ನು 2.1 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕೊಳ್ಳಲು 1967ರಲ್ಲಿ ಒಪ್ಪಂದವಾಯಿತು. ತಮ್ಮ ನೆಲದ ಸಂಪತ್ತನ್ನು ಜನ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು! ಟ್ರುಕ್‌ನಿಂದ ಮರಳಿದ ದಿನವಾದ ಜನವರಿ 31ರಂದೇ, 1968ರಲ್ಲಿ, ನೌರು ಸ್ವತಂತ್ರವಾಯಿತು. ಡಿರೋಬರ್ಟ್ ಮೊದಲ ಅಧ್ಯಕ್ಷರಾದರು.

ಆ ಹೊತ್ತಿಗೆ ದ್ವೀಪದ ಸುಮಾರು ಮೂರನೇ ಒಂದು ಭಾಗ ಅಗೆದುಹೋಗಿತ್ತು. ಈ ಹಾನಿಗೆ ಪರಿಹಾರ ಕೋರಿ 1989ರಲ್ಲಿ ನೌರು ತನ್ನ ಹಳೆಯ ಪಾಲಕ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆಳೆಯಿತು. ವಿಚಾರಣೆಯ ಅಧಿಕಾರ ತನಗಿದೆ ಎಂದು ನ್ಯಾಯಾಲಯ 1992ರಲ್ಲಿ ಹೇಳಿತು. ಮರುವರ್ಷ ಆಸ್ಟ್ರೇಲಿಯಾ 10.7 ಕೋಟಿ ಡಾಲರ್ ಕೊಡಲೊಪ್ಪಿ ರಾಜಿಯಾಯಿತು. ಬ್ರಿಟನ್ ಮತ್ತು ನ್ಯೂಜಿಲೆಂಡ್ ಅದರಲ್ಲಿ ತಲಾ 1.2 ಕೋಟಿ ಭರಿಸಿದವು.