ರಾಯಚೂರು ಸೀಮೆಯ ನೆನಪಿನ ದಿನಗಳು: ರಾಯಚೂರು, ದೇವದುರ್ಗ, ಮಾನ್ವಿಗೆ ಹೋಗುವವರ ಉಪಯೋಗಕ್ಕಾಗಿ

ನಮ್ಮ ಹಲವು ಧರ್ಮಕೇಂದ್ರಗಳ ಸೂಚನಾ ಫಲಕದಲ್ಲಿ ಆ ದಿನದ ಸಂತರ ಹೆಸರಿನ ಕೆಳಗೆ 'ಇತಿಹಾಸದಲ್ಲಿ ಈ ದಿನ' ಎಂದು ಒಂದು ಸಾಲು ಬರೆಯುವ ರೂಢಿ ಇದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969ರ ಜುಲೈ 20, ಬರ್ಲಿನ್ ಗೋಡೆ ತೆರೆದುಕೊಂಡ 1989ರ ನವೆಂಬರ್ 9, ಇಂತಹ ದಿನಗಳು ಎಲ್ಲ ಊರಿನವರಿಗೂ ಒಂದೇ. ಆದರೆ ಕರಾವಳಿಯಿಂದ ಸೇವೆಗೆಂದು ರಾಯಚೂರು, ದೇವದುರ್ಗ, ಮಾನ್ವಿ ಕಡೆಗೆ ಹೋಗುವ ಗುರುಗಳು, ಧರ್ಮಭಗಿನಿಯರು ಮತ್ತು ಶಿಕ್ಷಕರು ಮಂಗಳೂರಿನ ಪಟ್ಟಿಯನ್ನೇ ಅಲ್ಲಿನ ಫಲಕಕ್ಕೆ ಇಳಿಸಿದರೆ ಸಾಲದು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಆ ನಾಡಿಗೆ, ಹಳೆಯ ಹೆಸರಿನಲ್ಲಿ ಎಡೆದೊರೆ ನಾಡಿಗೆ, ಅದರದೇ ದಿನಗಳಿವೆ. ವರ್ಷದ ಕ್ರಮದಲ್ಲಿ ಅವುಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು ಜನವರಿ 27. 1915ರ ಆ ದಿನ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಶಾಸನ ಬಿತ್ತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನು ತನ್ನನ್ನು 'ದೇವಾನಾಂಪಿಯ' ಎಂದು ಮಾತ್ರ ಕರೆದುಕೊಂಡಿದ್ದನು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇಡೀ ಭಾರತದ ಚರಿತ್ರೆಯ ಒಂದು ದೊಡ್ಡ ಪ್ರಶ್ನೆಗೆ ರಾಯಚೂರು ಜಿಲ್ಲೆಯ ಒಂದು ಬಂಡೆ ಉತ್ತರ ಕೊಟ್ಟಿತು. ಈ ಕಡೆಯ ಶಾಲಾ ಮಕ್ಕಳಿಗೆ ಅಶೋಕನ ಪಾಠ ಮಾಡುವಾಗ ಪಾಟಲೀಪುತ್ರಕ್ಕಿಂತ ಮೊದಲು ಮಸ್ಕಿಯನ್ನು ಹೇಳಬಹುದು.

ಮಾರ್ಚ್ 10 ಬಳ್ಳಾರಿ ಧರ್ಮಪ್ರಾಂತ್ಯದ ದಿನ. 1949ರಲ್ಲಿ ಸ್ಥಾಪನೆಯಾದ ಈ ಧರ್ಮಪ್ರಾಂತ್ಯದ ಮೊದಲ ಬಿಷಪ್ ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್. ರಾಯಚೂರು ಜಿಲ್ಲೆ ಸರಕಾರಿ ಲೆಕ್ಕದಲ್ಲಿ ಕಲಬುರಗಿ ವಿಭಾಗಕ್ಕೆ ಸೇರಿದೆ. ಹಾಗಾಗಿ ಅಲ್ಲಿನ ಚರ್ಚುಗಳೂ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯದವು ಎಂದು ಕರಾವಳಿಯಲ್ಲಿ ತಿಳಿಯುವವರಿದ್ದಾರೆ. ಅದು ಸರಿಯಲ್ಲ, ಅವು ಬಳ್ಳಾರಿಗೆ ಸೇರಿವೆ. ಮಾನ್ವಿ ಮತ್ತು ಪನ್ನೂರಿನಲ್ಲಿ ಯೇಸುಸಭೆಯ ಕರ್ನಾಟಕ ಪ್ರಾಂತ್ಯದವರ ಸೇವೆಯನ್ನು ನಮ್ಮ ಓದುಗರು ಬಲ್ಲರು. ಆದರೆ ಈ ಸೀಮೆಯಲ್ಲಿ ಕ್ರಿಸ್ತವಿಶ್ವಾಸ ನಿನ್ನೆ ಮೊನ್ನೆಯದಲ್ಲ. ಲಿಂಗಸುಗೂರು ಕಡೆಯ ಮುದಗಲ್ಲಿನ ಕಥೋಲಿಕ ಸಮುದಾಯದ ಆರಂಭವನ್ನು 16ನೇ ಶತಮಾನಕ್ಕೆ, ಗೋವೆಯಿಂದ ಬಂದ ಗುರುಗಳ ಕಾಲಕ್ಕೆ ಒಯ್ಯುತ್ತಾರೆ.

ಮೇ 19ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿಗಾಗಿ ಯುದ್ಧ ನಡೆಯಿತು. ರಾಯನು ಸಮೀಪದ ಮಲಿಯಾಬಾದಿನಲ್ಲಿ ಬೀಡುಬಿಟ್ಟಿದ್ದನು. ಆದಿಲ್ ಶಾಹನು ಕೃಷ್ಣೆಯನ್ನು ದಾಟಿ ಬಂದನು. ಮೊದಲು ಶಾಹನ ಫಿರಂಗಿಗಳಿಂದ ರಾಯನ ಮುಂದಿನ ಪಡೆ ಚದುರಿತು, ಆಮೇಲೆ ರಾಯನೇ ಮುನ್ನುಗ್ಗಿ ಶಾಹನ ಸೇನೆಯನ್ನು ಹೊಳೆಯ ತನಕ ಅಟ್ಟಿದನು. ಬಳಿಕ ಕೋಟೆಯ ಮುತ್ತಿಗೆ. ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾಂವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಸುಮಾರು 20 ಮಂದಿ ಬಂದೂಕುಗಾರರೊಂದಿಗೆ ರಾಯನ ಕಡೆ ಸೇರಿದನು. ಅವರು ಗೋಡೆಯ ಮೇಲಿನ ಕಾವಲುಗಾರರನ್ನು ಹೊಡೆದುರುಳಿಸಿದಾಗ ಕೆಳಗಿನವರಿಗೆ ಕೋಟೆಯ ಕಲ್ಲು ಕೀಳಲು ಅನುಕೂಲವಾಯಿತು. ಬಂದೂಕಿನವರು ಯಾರೆಂದು ನೋಡಲು ಗೋಡೆಯಿಂದ ಬಗ್ಗಿದ ಕೋಟೆಯ ಅಧಿಕಾರಿಗೇ ಗುಂಡು ತಗಲಿತು, ಊರು ಶರಣಾಯಿತು.

ಇದನ್ನೆಲ್ಲ ಬರೆದಿಟ್ಟವನು ಫೆರ್ನಾಂವ್ ನೂನಿಜ್, ಅವನೂ ಕುದುರೆ ವ್ಯಾಪಾರಿಯೇ. ಯುದ್ಧ ನಡೆದು ಹದಿನೈದು ವರ್ಷಗಳ ಮೇಲೆ ವಿಜಯನಗರದಲ್ಲಿದ್ದು ಕೇಳಿದ್ದನ್ನು ಬರೆದನು. ರಾಯನ ಕಾಲಾಳುಗಳೇ 7 ಲಕ್ಷಕ್ಕೂ ಹೆಚ್ಚು ಎಂದು ಅವನು ಹೇಳುವುದನ್ನು ನಾವು ಹಾಗೆಯೇ ನಂಬಬೇಕಾಗಿಲ್ಲ. ಯುದ್ಧವು 1522ರ ಮೇ ತಿಂಗಳಲ್ಲಿ, ಅಮಾವಾಸ್ಯೆಯ ಶನಿವಾರ ನಡೆಯಿತು ಎಂದೂ ಅವನು ಬರೆದಿದ್ದಾನೆ. ಇಲ್ಲಿ ಒಂದು ತೊಡಕಿದೆ. 1522ರ ಮೇ ಅಮಾವಾಸ್ಯೆ ಶನಿವಾರ ಬರುವುದಿಲ್ಲ, ಭಾನುವಾರ ಬರುತ್ತದೆ. 'ಮರೆತುಹೋದ ಸಾಮ್ರಾಜ್ಯ'ವನ್ನು ಬರೆದ ರಾಬರ್ಟ್ ಸೂಯೆಲ್ ಲೆಕ್ಕ ಹಾಕಿ, ನೂನಿಜನು ವರ್ಷದಲ್ಲಿ ತಪ್ಪಿದ್ದಾನೆ, 1520ರ ಮೇ 19ರ ಶನಿವಾರ ಹೊಸ ಚಂದ್ರ ಕಾಣಿಸಿದ ದಿನವೇ ಯುದ್ಧದ ದಿನ ಎಂದು ವಾದಿಸಿದರು. ಇಂದು ಪುಸ್ತಕಗಳಲ್ಲಿ ಕಾಣುವ ತಾರೀಕು ಇದೇ.

ಇನ್ನೂ ಒಂದು ಮಾತು. ಅದು ಜೂಲಿಯನ್ ಕ್ಯಾಲೆಂಡರಿನ ಮೇ 19. ಪೋಪ್ 13ನೇ ಗ್ರೆಗೊರಿಯವರು ಕ್ಯಾಲೆಂಡರನ್ನು ತಿದ್ದಿದ್ದು 1582ರಲ್ಲಿ. ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. ಆವಿಲಾದ ಸಂತ ತೆರೇಸಾ ಆ ರಾತ್ರಿಯೇ ದೈವಾಧೀನರಾದ ಕಾರಣ ಅವರ ಹಬ್ಬ ಅಕ್ಟೋಬರ್ 15ಕ್ಕೆ ಬರುತ್ತದೆ. ನಮ್ಮ ಈಗಿನ ಲೆಕ್ಕಕ್ಕೆ ತಂದರೆ ರಾಯಚೂರಿನ ಯುದ್ಧದ ದಿನ ಮೇ 29 ಆಗಬೇಕು. ಫಲಕದಲ್ಲಿ ಬರೆಯುವವರು ಪುಸ್ತಕದ ಮೇ 19ನ್ನೇ ಬರೆಯಲಿ, ಆದರೆ ಕೇಳಿದ ಮಕ್ಕಳಿಗೆ ಕಾರಣ ಹೇಳುವಷ್ಟು ತಿಳಿದಿರಲಿ.

ಆಗಸ್ಟ್ 15 ಇಡೀ ದೇಶದ ಹಬ್ಬ. ಮಂಗಳೂರಿನ ಚರ್ಚುಗಳಿಗೆ ಸ್ವರ್ಗಾರೋಹಣ ಮಾತೆಯ ಹಬ್ಬವೂ ಅದೇ ದಿನವಾದ್ದರಿಂದ ಸಂತೋಷ ಇಮ್ಮಡಿ. ಆದರೆ 1947ರ ಆ ದಿನ ರಾಯಚೂರು ಸ್ವತಂತ್ರ ಭಾರತದೊಳಗೆ ಇರಲಿಲ್ಲ. ದೇವದುರ್ಗ, ಮಾನ್ವಿ ಸಹಿತ ಇಡೀ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ನಿಜಾಮರು ಭಾರತವನ್ನು ಸೇರಲು ಒಪ್ಪಿರಲಿಲ್ಲ. ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮುಖಂಡ ಸ್ವಾಮಿ ರಮಾನಂದ ತೀರ್ಥರನ್ನು ಅದೇ ದಿನ ಬಂಧಿಸಲಾಯಿತು. ಮುಂದೆ ರಜಾಕಾರರ ಹಾವಳಿಗೆ ಹೆದರಿ ಅನೇಕ ಕುಟುಂಬಗಳು ಊರು ಬಿಟ್ಟು ಗಡಿಯಾಚೆಗೆ ಹೋದವು. 1948ರ ಸೆಪ್ಟೆಂಬರ್ 13ರ ಸೋಮವಾರ ಭಾರತೀಯ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಸೆಪ್ಟೆಂಬರ್ 17ರ ಶುಕ್ರವಾರ ನಿಜಾಮರು ಕದನ ನಿಲ್ಲಿಸಲು ಆಜ್ಞೆ ಮಾಡಿದರು. ಆಗಸ್ಟ್ 15ರಿಂದ ಎಣಿಸಿದರೆ 399 ದಿನ.

ಹೀಗಾಗಿ ಸೆಪ್ಟೆಂಬರ್ 17ರಂದು ರಾಯಚೂರಿನಲ್ಲಿ ಧ್ವಜಾರೋಹಣ ಇರುತ್ತದೆ. ಕರಾವಳಿಯಿಂದ ಹೊಸದಾಗಿ ಬಂದವರಿಗೆ 'ಇದು ಯಾವ ಧ್ವಜಾರೋಹಣ' ಎಂದು ಆಶ್ಚರ್ಯವಾಗುವುದುಂಟು. 2019ರ ಇದೇ ದಿನ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಇದೇ ದಿನದ ಇನ್ನೊಂದು ಮುಖವನ್ನೂ ಹೇಳದೆ ಬಿಡಲಾರೆವು. ಸೇನಾ ಕಾರ್ಯಾಚರಣೆಯ ಹಿಂದೆಯೇ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತು. ಕೇಂದ್ರ ಸರಕಾರವೇ ಕಳುಹಿಸಿದ ಪಂಡಿತ್ ಸುಂದರಲಾಲ್ ಅವರ ತಂಡ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ಬಾಧೆಗೊಳಗಾದ ಜಿಲ್ಲೆಗಳಲ್ಲಿ ಗುಲ್ಬರ್ಗ ಮತ್ತು ಬೀದರ್ ಇದ್ದವು. ಒಂದೇ ತರಗತಿಯಲ್ಲಿ ಎರಡೂ ಬಗೆಯ ನೆನಪಿನ ಮನೆಗಳ ಮಕ್ಕಳು ಕೂತಿರುತ್ತಾರೆ. ಆ ದಿನ ಶಾಲೆಯಲ್ಲಿ ಭಾಷಣ ಮಾಡುವವರು ರಜಾಕಾರರ ದೌರ್ಜನ್ಯವನ್ನು ಹೇಳುವಾಗ ಇದನ್ನೂ ಹೇಳುವುದು ನ್ಯಾಯ ಎಂಬುದು ನಮ್ಮ ಅಭಿಪ್ರಾಯ.

ನಿಜಾಮರ ಕಾಲದ ಕಾಗದಪತ್ರಗಳನ್ನು ನೋಡಬೇಕಾಗಿ ಬರುವವರಿಗೆ ಒಂದು ಸೂಚನೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳೆಯ ಜಮೀನು ದಾಖಲೆಗಳು ಉರ್ದುವಿನಲ್ಲಿದ್ದು, ವರ್ಷ ಫಸಲಿಯಲ್ಲಿ ಇರುತ್ತದೆ. ಫಸಲಿ ವರ್ಷಕ್ಕೆ 590 ಅಥವಾ 591 ಸೇರಿಸಿದರೆ ಇಸವಿ ಸಿಗುತ್ತದೆ. ಅಲ್ಲಿ ವರ್ಷ ಆರಂಭವಾಗುತ್ತಿದ್ದುದು ಅಕ್ಟೋಬರಿನಲ್ಲಿ, ಆದ್ದರಿಂದ ತಿಂಗಳನ್ನೂ ನೋಡಬೇಕು. ಸೆಪ್ಟೆಂಬರ್ 1948 ಫಸಲಿ 1357ರ ಕೊನೆಗೆ ಬರುತ್ತದೆ. ಇದನ್ನು ತಿಳಿಯದೆ '1357ರ ಕಾಗದ' ಎಂದು ಬಹಮನಿ ಕಾಲಕ್ಕೆ ಹೋಗಬೇಡಿ!

ಮಾನ್ವಿಯ ದೊಡ್ಡ ನೆನಪಿನ ದಿನಕ್ಕೆ ಇಂಗ್ಲಿಷ್ ತಾರೀಕು ಇಲ್ಲ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು 1809ರಲ್ಲಿ ಭಾದ್ರಪದ ಶುದ್ಧ ನವಮಿಯಂದು ದೇಹ ಬಿಟ್ಟರು. ಅವರ ಆರಾಧನೆ ತಿಥಿಯ ಪ್ರಕಾರ ನಡೆಯುತ್ತದೆ. ಈಸ್ಟರ್ ಹಬ್ಬವೂ ಚಂದ್ರನನ್ನು ನೋಡಿಕೊಂಡು ಬರುವುದರಿಂದ ನಮ್ಮವರಿಗೆ ಇದು ಹೊಸತಲ್ಲ. ಕೆಲವು ವರ್ಷ ಈ ನವಮಿ ನಮ್ಮ ಮೊಂತಿ ಹಬ್ಬದ ಆಸುಪಾಸಿನಲ್ಲೇ ಬೀಳುತ್ತದೆ.

ಅಕ್ಟೋಬರ್ 1 ಹೊಸ ಸೇರ್ಪಡೆ. ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದದ್ದು 2013ರ ಆ ದಿನ. ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಸಿಗುವುದು ಇದರಿಂದಲೇ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಮತ್ತು ಮಾನ್ವಿ 'ಅತಿ ಹಿಂದುಳಿದ' ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಪ್ರೌಢಶಾಲೆ ಮುಗಿಸುವ ಮಕ್ಕಳು 371(ಜೆ) ಪ್ರಮಾಣಪತ್ರ ಮಾಡಿಸಿಕೊಂಡಿದ್ದಾರೆಯೇ ಎಂದು ಧರ್ಮಕೇಂದ್ರದವರು ವಿಚಾರಿಸುವುದು ಒಳ್ಳೆಯದು.

ಕೊನೆಗೆ ನವೆಂಬರ್ 1. 1956ರ ಆ ದಿನದವರೆಗೆ ಮಂಗಳೂರಿನವರು ಮದ್ರಾಸ್ ರಾಜ್ಯದವರು, ರಾಯಚೂರಿನವರು ಹೈದರಾಬಾದ್ ರಾಜ್ಯದವರು. ಎರಡೂ ಕಡೆಯವರು ಮೈಸೂರು ರಾಜ್ಯದಲ್ಲಿ ಒಂದಾದದ್ದು ಅಂದೇ. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಒಂದಾಗುವಾಗ ಎರಡೂ ಜಿಲ್ಲೆಗಳು ಸ್ವಲ್ಪ ಸ್ವಲ್ಪ ಕಳೆದುಕೊಂಡವು. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ರಾಯಚೂರಿನ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಅವು ಈಗ ತೆಲಂಗಾಣದಲ್ಲಿವೆ. ಕಾಸರಗೋಡಿನ ವಿಷಯ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ರಾಯಚೂರಿನಲ್ಲಿ ರಾಜ್ಯೋತ್ಸವದ ಭಾಷಣ ಮಾಡುವವರು ಗದ್ವಾಲ, ಆಲಂಪುರಗಳ ಹೆಸರನ್ನೂ ಸೇರಿಸಿಕೊಳ್ಳಬಹುದು.